ಔಷಧ ಕಲಸುತ್ತಿದ್ದ ಜಾಗದ ಮಣ್ಣಿನಲ್ಲಿ ಬೇರು ಮೊಂಡಾಗುತ್ತಿದೆ: ಇದು ಮೈಲುತುತ್ತದ ತಾಮ್ರವೇ?

ಹಳೆತೋಟ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಎರಡೂಕಾಲು ಎಕರೆಯ ಹಳೆಯ ಅಡಿಕೆ ತೋಟ. ಅಜ್ಜನ ಕಾಲದಿಂದಲೂ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನೇ (ಮೈಲುತುತ್ತ ಎಂಬ ತಾಮ್ರದ ಸಲ್ಫೇಟ್, ಸುಣ್ಣ ಕಲಸಿದ ನೀರು) ಹೊಡೆಸುತ್ತಾ ಬಂದಿದ್ದೇವೆ. ತೋಟದ ತಲೆಯಲ್ಲಿ, ಬಾವಿಯಿಂದ ಹತ್ತು ಮಾರು ದೂರದಲ್ಲಿ, ಸುಮಾರು ನಲವತ್ತು ವರ್ಷ ಒಂದೇ ಕಡೆ ಡ್ರಮ್ಮಿಟ್ಟು ಔಷಧ ಕಲಸುತ್ತಿದ್ದೆವು. ಡ್ರಮ್ಮು ತೊಳೆದ ನೀರು, ತಳದಲ್ಲಿ ಉಳಿದ ನೀಲಿ ಗಸಿ ಎಲ್ಲವೂ ಅಲ್ಲಿಯೇ ಚೆಲ್ಲುತ್ತಿತ್ತು. ಮೂರು ವರ್ಷದ ಹಿಂದೆ ಕಲಸುವ ಜಾಗವನ್ನು ರಸ್ತೆಯ ಬದಿಗೆ ಬದಲಾಯಿಸಿದೆವು.

ಈ ವರ್ಷ ಅರವತ್ತು ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ಕಾಳುಮೆಣಸಿನ ಬಳ್ಳಿ ನೆಟ್ಟೆ. ಮಣ್ಣು ಸಾಲದೆ ಕೊನೆಯ ಇಪ್ಪತ್ತು ಕೊಟ್ಟೆಗಳಿಗೆ ಆ ಹಳೆಯ ಜಾಗದ ಮಣ್ಣನ್ನು ತುಂಬಿದೆ. ನೋಡಲು ಕಪ್ಪಗೆ, ಪುಡಿಪುಡಿಯಾಗಿ ಒಳ್ಳೆಯ ಮಣ್ಣಿನಂತೆಯೇ ಇತ್ತು. ನಲವತ್ತು ಕೊಟ್ಟೆಗಳ ಬಳ್ಳಿ ಚೆನ್ನಾಗಿ ಎದ್ದಿದೆ. ಈ ಇಪ್ಪತ್ತರಲ್ಲಿ ಮಾತ್ರ ಎರಡು ಎಲೆ ಬಂದ ಮೇಲೆ ಬೆಳವಣಿಗೆ ನಿಂತಿದೆ. ಹೊಸ ಎಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿವೆ. ನಿನ್ನೆ ಎರಡು ಕೊಟ್ಟೆಗಳನ್ನು ಸೀಳಿ ನಲ್ಲಿಯ ಕೆಳಗೆ ಬೇರು ತೊಳೆದು ನೋಡಿದೆ. ಒಳ್ಳೆಯ ಮಣ್ಣಿನ ಗಿಡದಲ್ಲಿ ಬಿಳಿ ಬೇರು ತಳದವರೆಗೆ ಇಳಿದು ಸುತ್ತು ಹಾಕಿತ್ತು. ಇನ್ನೊಂದರಲ್ಲಿ ಬೇರುಗಳು ಭತ್ತದ ಕಾಳಿನಷ್ಟೇ ಉದ್ದ, ದಪ್ಪಗೆ, ತುದಿ ಕಾಫಿಪುಡಿಯ ಬಣ್ಣಕ್ಕೆ ತಿರುಗಿ ಸ್ವಲ್ಪ ಉಬ್ಬಿದ್ದವು. ಕವಲುಬೇರುಗಳು ಮಾತ್ರ ಮೇಲ್ಭಾಗದಲ್ಲಿ ಕುಂಚದಂತೆ ಒತ್ತಾಗಿ ಬಂದಿದ್ದವು.

ಎಲೆಯನ್ನು ಪರೀಕ್ಷೆಗೆ ಕಳಿಸಿದರೆ ತಾಮ್ರ ಸಾಮಾನ್ಯ ಮಟ್ಟದಲ್ಲಿದೆ ಎಂದು ವರದಿ ಬಂತು. ಔಷಧಿ ಅಂಗಡಿಯವರು ಹಾಗಾದರೆ ತಾಮ್ರದ ದೋಷವಲ್ಲ ಎಂದು ಹೇಳಿ ಲಘುಪೋಷಕಾಂಶದ ಮಿಶ್ರಣ ಕೊಟ್ಟರು. ನನಗೆ ಸಮಾಧಾನವಾಗಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಮಳೆಗಾಲ

ಇದು ಸ್ಪಷ್ಟವಾಗಿ ಬೇರುಕೊಳೆ. ತಡಮಾಡದೆ ಕಾಪರ್ ಆಕ್ಸಿಕ್ಲೋರೈಡ್ ಕಲಸಿ ಬುಡಕ್ಕೆ ಹೊಯ್ಯಿರಿ.

ಬೇರುನೋಟ

ಮಳೆಗಾಲ ಅವರೇ, ದಯವಿಟ್ಟು ಅದನ್ನು ಹೊಯ್ಯಲು ಹೇಳಬೇಡಿ. ತಾಮ್ರದಿಂದಲೇ ನರಳುತ್ತಿರುವ ಬೇರಿಗೆ ಮತ್ತಷ್ಟು ತಾಮ್ರ ಎರೆದಂತಾದೀತು. ಕೊಳೆತ ಬೇರನ್ನು ಎರಡು ಬೆರಳಿನ ನಡುವೆ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಳಚಿಕೊಂಡು ಒಳಗಿನ ನಾರು ಮಾತ್ರ ಉಳಿಯುತ್ತದೆ, ವಾಸನೆಯೂ ಇರುತ್ತದೆ. ಹಳೆತೋಟ ಅವರು ಹೇಳುತ್ತಿರುವುದು ಗಟ್ಟಿಯಾದ, ಮೊಂಡಾದ, ತುದಿ ಕಂದಿದ ಬೇರು. ಇವೆರಡೂ ಬೇರೆ ಬೇರೆ. ಸರ್, ನಿಮ್ಮ ಬೇರಿನ ಸಿಪ್ಪೆ ಕಳಚುತ್ತದೆಯೇ?

ಹಳೆತೋಟ, ಶಿರಸಿ

ಇಲ್ಲ, ಕಳಚುವುದಿಲ್ಲ. ಬಾಗಿಸಿದರೆ ಒಣಕಡ್ಡಿಯಂತೆ ಟಕ್ಕೆಂದು ಮುರಿಯುತ್ತದೆ. ವಾಸನೆಯೂ ಇಲ್ಲ.

ಬೇರುನೋಟ

ಹಾಗಾದರೆ ನನಗೆ ತಾಮ್ರದ ಮೇಲೆಯೇ ಅನುಮಾನ. ನಾನು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಬೇರಿನೊಳಗೆ ಏನಾಗುತ್ತಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಎಲೆಯ ವರದಿ ನಿಮ್ಮನ್ನು ದಾರಿ ತಪ್ಪಿಸಿದ್ದು ಅಲ್ಲಿಯೇ.

ತಾಮ್ರ ಗಿಡಕ್ಕೆ ಬೇಕಾದ ಧಾತುವೇ, ಆದರೆ ಬೇಕಾಗುವುದು ಚಿಟಿಕೆಯಷ್ಟು. ಹೆಚ್ಚಾದಾಗ ಬೇರು ಮಾಡುವ ಮೊದಲ ಕೆಲಸವೆಂದರೆ ಅದನ್ನು ಹೊಸ್ತಿಲಲ್ಲಿಯೇ ತಡೆಯುವುದು. ಬೇರಿನ ಕೋಶಭಿತ್ತಿಯಲ್ಲಿರುವ ಪೆಕ್ಟಿನ್‌ಗೆ ಋಣ ವಿದ್ಯುದಂಶವಿದೆ, ತಾಮ್ರದ ಅಯಾನಿಗೆ ಧನ ವಿದ್ಯುದಂಶವಿದೆ. ಹಾಗಾಗಿ ದೊಡ್ಡ ಪಾಲು ಗೋಡೆಗೇ ಅಂಟಿಕೊಂಡು ನಿಲ್ಲುತ್ತದೆ. ಜೊತೆಗೆ ಬೇರು ಸಿಟ್ರೇಟ್, ಮ್ಯಾಲೇಟ್‌ನಂಥ ಆಮ್ಲಗಳನ್ನು ಹೊರಗೆ ಸುರಿಸಿ ಲೋಹವನ್ನು ಮಣ್ಣಿನಲ್ಲಿಯೇ ಕಟ್ಟಿಹಾಕಲು ನೋಡುತ್ತದೆ. ಇಷ್ಟನ್ನೂ ದಾಟಿ ಕೋಶದ ಒಳಗೆ ಬಂದದ್ದನ್ನು ಗಂಧಕವುಳ್ಳ ಸಣ್ಣ ಪ್ರೋಟೀನುಗಳು ಹಿಡಿದುಕೊಳ್ಳುತ್ತವೆ. ಹೀಗೆ ಕಟ್ಟಿದ ಲೋಹದ ಒಂದಷ್ಟು ಪಾಲನ್ನು ರಸದಾನಿ ಎಂಬ ಕೋಶದೊಳಗಿನ ಚೀಲದಲ್ಲಿ ಕೂಡಿಹಾಕುತ್ತವೆ. ಬೇರಿನ ಒಳವರ್ತುಲದಲ್ಲಿ ಕ್ಯಾಸ್ಪರಿ ಪಟ್ಟಿ ಎಂಬ, ನೀರು ನುಸುಳದ ಕಟ್ಟೆಯೊಂದಿದೆ. ಗೋಡೆಗಳ ಸಂದಿಯಿಂದ ನುಸುಳಿಬಂದ ಲೋಹ ಅಲ್ಲಿಗೆ ನಿಲ್ಲುತ್ತದೆ.

ಇವೆಲ್ಲದರ ಫಲವಾಗಿ ತಾಮ್ರದ ಬಹುಪಾಲು ಬೇರಿನಲ್ಲಿಯೇ ಉಳಿದು ಎಲೆಗೆ ಹೋಗುವುದೇ ಇಲ್ಲ. ಎಲೆಯಲ್ಲಿ ತಾಮ್ರ ಸಾಮಾನ್ಯವಾಗಿದೆ ಎಂದರೆ ಬೇರು ತನ್ನ ಕೈಲಾದಷ್ಟು ತಡೆಯಿತು ಎಂದರ್ಥವೇ ಹೊರತು ಮಣ್ಣು ಸರಿಯಿದೆ ಎಂದರ್ಥವಲ್ಲ. ತಾಮ್ರದ ವಿಷಯದಲ್ಲಿ ಎಲೆಯ ಪರೀಕ್ಷೆಯನ್ನು ನಂಬಿ ಕೂರುವುದು ತಪ್ಪು. ಮಣ್ಣನ್ನೂ ಬೇರನ್ನೂ ಪರೀಕ್ಷಿಸಬೇಕು.

ಎಲೆ ಹಳದಿಯಾದದ್ದಕ್ಕೂ ಇದೇ ಕಾರಣವಿರಬಹುದು. ಹೆಚ್ಚಾದ ತಾಮ್ರ ಕಬ್ಬಿಣದ ಹೀರಿಕೆಗೆ ಅಡ್ಡಬರುತ್ತದೆ. ಎಳೆ ಎಲೆಯ ನರ ಹಸಿರಾಗಿ ಉಳಿದು ನಡುವೆ ಹಳದಿಯಾಗುವುದು ಕಬ್ಬಿಣದ ಕೊರತೆಯ ಲಕ್ಷಣ. ಇನ್ನೊಂದು ಮಾತು, ನಿಮಗೆ ಕೊಟ್ಟ ಲಘುಪೋಷಕಾಂಶದ ಮಿಶ್ರಣದ ಚೀಟಿಯನ್ನು ಓದಿ ನೋಡಿ. ಅಂಥ ಮಿಶ್ರಣಗಳಲ್ಲಿ ಸಾಮಾನ್ಯವಾಗಿ ತಾಮ್ರವೂ ಇರುತ್ತದೆ.

ಹಳೆತೋಟ, ಶಿರಸಿ

ಓದಿದೆ. ಇದೆ, ಮೇಡಂ. ಒಂದು ಸಲ ಆಗಲೇ ಸಿಂಪಡಿಸಿಬಿಟ್ಟಿದ್ದೇನೆ.

ಗೇರುಗುಡ್ಡ

ಬೇರಿನ ತುದಿಯೇ ಏಕೆ ಮೊದಲು ಕಂದುತ್ತದೆ? ಲೋಹ ಬೇರಿನ ಉದ್ದಕ್ಕೂ ತಾಗುತ್ತದೆಯಲ್ಲವೇ?

ಬೇರುನೋಟ

ಒಳ್ಳೆಯ ಪ್ರಶ್ನೆ. ಕೋಶಗಳು ಒಡೆದು ಹೆಚ್ಚುವುದೂ ಉದ್ದವಾಗಿ ಹಿಗ್ಗುವುದೂ ತುದಿಯ ಕೆಲವೇ ಮಿಲಿಮೀಟರಿನಲ್ಲಿ. ಅಲ್ಲಿ ಗೋಡೆ ತೆಳು, ಕ್ಯಾಸ್ಪರಿ ಪಟ್ಟಿಯ ಕಟ್ಟೆಯೂ ಇನ್ನೂ ಬಲಿತಿರುವುದಿಲ್ಲ. ಒಳಗೆ ನುಗ್ಗಿದ ತಾಮ್ರ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ಅತ್ಯಂತ ಚುರುಕಾದ ಹೈಡ್ರಾಕ್ಸಿಲ್ ಕಣಗಳನ್ನು ಹುಟ್ಟಿಸುತ್ತದೆ, ಅವು ಕೋಶಪೊರೆಯ ಕೊಬ್ಬನ್ನು ಸುಡುತ್ತವೆ, ಪೊರೆ ತೂತಾಗಿ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಬೇರು ಇದಕ್ಕೆ ಉತ್ತರವಾಗಿ ಗೋಡೆಗೆ ಲಿಗ್ನಿನ್ ತುಂಬಿ ಗಟ್ಟಿಮಾಡಿಕೊಳ್ಳುತ್ತದೆ. ಗಟ್ಟಿಯಾದ ಗೋಡೆ ಹಿಗ್ಗಲಾರದು, ಹಾಗಾಗಿ ಬೇರು ಮೊಂಡಾಗುತ್ತದೆ. ಹಳೆತೋಟ ಅವರ ಬೇರು ಟಕ್ಕೆಂದು ಮುರಿದದ್ದು ನನಗೆ ಇದನ್ನೇ ನೆನಪಿಸಿತು. ಮುಖ್ಯ ಬೇರು ನಿಂತಾಗ ಬೆಳವಣಿಗೆಯ ಹಾರ್ಮೋನಾದ ಆಕ್ಸಿನ್‌ನ ಹಂಚಿಕೆ ಬದಲಾಗಿ ಮೇಲ್ಭಾಗದಲ್ಲಿ ಗಿಡ್ಡ ಕವಲುಗಳು ಒತ್ತಾಗಿ ಹೊರಡುತ್ತವೆ. ಅವರು ಹೇಳಿದ ಕುಂಚ ಅದೇ.

ಮಳೆಗಾಲ

ವಿವರಣೆ ಚೆನ್ನಾಗಿದೆ, ನನ್ನ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಒಂದು ಮಾತು ಕೇಳಲೇಬೇಕು. ನೂರು ವರ್ಷದಿಂದ ಮಲೆನಾಡಿನ ಎಲ್ಲ ತೋಟಗಳಿಗೂ ಬೋರ್ಡೋ ಬಿದ್ದಿದೆ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಕೋಲ್ಮನ್ ಅವರು 1910ರ ಸುಮಾರಿಗೆ ಕೊಳೆರೋಗದ ಮೂಲವನ್ನು ಹುಡುಕಿ ಈ ಔಷಧವನ್ನು ರೂಢಿಗೆ ತಂದಿರದಿದ್ದರೆ ಎಷ್ಟೋ ಮನೆಗಳು ಅಡಿಕೆ ಬಿಟ್ಟು ಊರು ಬಿಡಬೇಕಾಗುತ್ತಿತ್ತು. ತಾಮ್ರ ಅಷ್ಟು ಕೆಟ್ಟದ್ದಾದರೆ ಮರಗಳು ಇಷ್ಟು ಕಾಲ ಹೇಗೆ ಫಲ ಕೊಟ್ಟವು?

ತಕ್ಕಡಿ

ಮಳೆಗಾಲ ಅವರ ಮಾತಿಗೆ ಲೆಕ್ಕದಿಂದಲೇ ಉತ್ತರ ಕೊಡುತ್ತೇನೆ. ಯಾರಾದರೂ ತಪ್ಪು ಕಂಡರೆ ತಿದ್ದಿ.

ಶೇಕಡಾ 1ರ ಬೋರ್ಡೋ ಎಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. ಎಕರೆಗೆ 550 ಮರ, ಮರಕ್ಕೆ ಒಂದು ಲೀಟರ್ ಎಂದು ಹಿಡಿದರೆ ಒಂದು ಸಲಕ್ಕೆ ಐದೂವರೆ ಕೆ.ಜಿ. ಮೈಲುತುತ್ತ, ಅಂದರೆ ಸುಮಾರು 1.4 ಕೆ.ಜಿ. ತಾಮ್ರ. ಮಳೆಗಾಲದಲ್ಲಿ ಎರಡು ಸಲ ಹೊಡೆದರೆ ವರ್ಷಕ್ಕೆ 2.75 ಕೆ.ಜಿ. ಐವತ್ತು ವರ್ಷಕ್ಕೆ ಎಕರೆಗೆ 137 ಕೆ.ಜಿ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 900 ಟನ್ ತೂಗುತ್ತದೆ. ಎಲ್ಲವೂ ಅಲ್ಲಿಯೇ ಉಳಿದಿದ್ದರೆ ಕೆ.ಜಿ. ಮಣ್ಣಿಗೆ 150 ಮಿ.ಗ್ರಾಂ ಆಗುತ್ತದೆ. ಕಾಯಿಯ ಜೊತೆ ಹೋದದ್ದು, ಕಾದಿಗೆಯ (ತೋಟದ ಬಸಿಗಾಲುವೆಯ) ನೀರಿನಲ್ಲಿ ಕೆಸರಾಗಿ ಕೊಚ್ಚಿಹೋದದ್ದು ಎಂದು ಅರ್ಧ ಕಳೆದರೂ 75 ಉಳಿಯುತ್ತದೆ.

ಹೋಲಿಕೆಗೆ ಯುರೋಪನ್ನು ನೋಡಿ. ಅಲ್ಲಿನ ಮಣ್ಣುಗಳ ತಾಮ್ರದ ಸರಾಸರಿ ಕೆ.ಜಿ.ಗೆ ಸುಮಾರು 17 ಮಿ.ಗ್ರಾಂ, ದ್ರಾಕ್ಷಿ ತೋಟಗಳದ್ದು ಸುಮಾರು 49. ಬೋರ್ಡೋ ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ, 1885ರಲ್ಲಿ ಸಸ್ಯಶಾಸ್ತ್ರಜ್ಞ ಮಿಲಾರ್ಡೆ ಅದನ್ನು ಪ್ರಕಟಿಸಿದರು. ಈಗ ಐರೋಪ್ಯ ಒಕ್ಕೂಟ 7 ವರ್ಷಕ್ಕೆ ಹೆಕ್ಟೇರಿಗೆ 28 ಕೆ.ಜಿ. ತಾಮ್ರಕ್ಕಿಂತ ಹೆಚ್ಚು ಹಾಕಬಾರದೆಂದು ಮಿತಿ ಹೇರಿದೆ. ಎಕರೆ ಲೆಕ್ಕದಲ್ಲಿ ಅದು ವರ್ಷಕ್ಕೆ 1.6 ಕೆ.ಜಿ. ನಾವು ಎರಡು ಸಲ ಹೊಡೆದರೇ ಅದನ್ನು ದಾಟುತ್ತೇವೆ.

ಕೊನೆಗೌಡರ ಮನೆ

ಮರಕ್ಕೆ ಒಂದು ಲೀಟರ್ ಸಾಕಾಗುವುದು ಮರ ಹತ್ತಿ ಕೊನೆಗೇ (ಅಡಿಕೆ ಗೊಂಚಲಿಗೇ) ಹೊಡೆದಾಗ. ಈಗ ನೆಲದಲ್ಲಿ ನಿಂತು ದೋಟಿಯಿಂದ ಹೊಡೆಯುವಾಗ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ, ನೆಲಕ್ಕೆ ಬೀಳುವುದೂ ಹೆಚ್ಚು. ನನ್ನ ತಂದೆ ನಲವತ್ತು ವರ್ಷ ಮರ ಹತ್ತಿದವರು, ಈ ಮಾತನ್ನು ಅವರೇ ಹೇಳಿ ಬರೆಸಿದ್ದು.

ಬೇರುನೋಟ

ತಕ್ಕಡಿ ಅವರ ಲೆಕ್ಕಕ್ಕೆ ಒಂದು ಸೇರಿಕೆ. ಮರಗಳಿಗೆ ಏನೂ ಆಗಲಿಲ್ಲ ಎಂಬುದು ಬಹುಮಟ್ಟಿಗೆ ನಿಜ. ತಾಮ್ರ ಮಣ್ಣಿನ ಸಾವಯವ ಅಂಶಕ್ಕೆ ಬಿಗಿಯಾಗಿ ಅಂಟಿಕೊಂಡು ಮೇಲಿನ ಗೇಣುದ್ದದ ಪದರದಲ್ಲಿಯೇ ನಿಲ್ಲುತ್ತದೆ. ಬೆಳೆದ ಅಡಿಕೆ ಮರದ ಬೇರು ಅದರ ಕೆಳಗೂ ಇಳಿದಿರುತ್ತದೆ, ಜೊತೆಗೆ ವರ್ಷವರ್ಷವೂ ಸೊಪ್ಪು, ಗೊಬ್ಬರ, ಹೊಸಮಣ್ಣು ಬೀಳುತ್ತಾ ತಾಮ್ರವನ್ನು ಕಟ್ಟಿಹಾಕುತ್ತಾ ಬಂದಿವೆ. ಕಷ್ಟ ಶುರುವಾಗುವುದು ಹಳೆಯ ಮರ ತೆಗೆದು ಎಳೆಯದನ್ನು ನೆಟ್ಟಾಗ ಅಥವಾ ಮೇಲ್ಮಣ್ಣನ್ನೇ ನೆಚ್ಚಿದ ಬೆಳೆ ಹಾಕಿದಾಗ. ದಕ್ಷಿಣ ಫ್ರಾನ್ಸಿನಲ್ಲಿ ದ್ರಾಕ್ಷಿ ಕಿತ್ತು ಗೋಧಿ ಬಿತ್ತಿದ ಕಡೆ ಪೈರು ಹಳದಿಯಾಗಿ ಕಬ್ಬಿಣದ ಕೊರತೆ ತೋರಿಸಿದ್ದು ಹೀಗೆಯೇ. ಕಾಳುಮೆಣಸಿನ ಆಹಾರ ಹೀರುವ ಬೇರುಗಳು ಇರುವುದೂ ಮೇಲಿನ ಪದರದಲ್ಲಿಯೇ ಎಂಬುದನ್ನು ಮರೆಯಬಾರದು.

ಸುಣ್ಣದಗೂಡು

ಬೋರ್ಡೋದಲ್ಲಿ ತಾಮ್ರದಷ್ಟೇ ಸುಣ್ಣವೂ ಇದೆಯಲ್ಲ, ಒಂದರ ವಿಷವನ್ನು ಇನ್ನೊಂದು ಕೊಲ್ಲುತ್ತದೆ. ನಮ್ಮ ಹಿರಿಯರು ದಡ್ಡರಲ್ಲ.

ತಕ್ಕಡಿ

ಹಿರಿಯರನ್ನು ಯಾರೂ ದಡ್ಡರೆನ್ನುತ್ತಿಲ್ಲ. ಆದರೆ ಮಲೆನಾಡಿನ ಮಳೆಯಲ್ಲಿ ಸುಣ್ಣ ಕರಗಿ ಬಸಿದುಹೋಗುತ್ತದೆ, ತಾಮ್ರ ಹೋಗುವುದಿಲ್ಲ. ಮಣ್ಣು ಮತ್ತೆ ಹುಳಿಯಾದಾಗ ಉಳಿದ ತಾಮ್ರ ಸಡಿಲಗೊಂಡು ಬೇರಿಗೆ ಸಿಗುತ್ತದೆ.

ಕೆಮ್ಮಣ್ಣು

ಎಲ್ಲರೂ ತಾಮ್ರವೆಂದು ತೀರ್ಮಾನಿಸಿದಂತಿದೆ. ನಾನು ಒಪ್ಪುವುದಿಲ್ಲ. ನಾನು ಮಣ್ಣು ಪರೀಕ್ಷೆಯ ಕೆಲಸದಲ್ಲಿ ಹನ್ನೊಂದು ವರ್ಷ ಇದ್ದವನು. ನಮ್ಮ ಕರಾವಳಿ, ಮಲೆನಾಡಿನ ಹುಳಿಮಣ್ಣಿನಲ್ಲಿ ಬೇರು ಮೊಂಡಾಗಿ, ತುದಿ ಉಬ್ಬಿ ಕಂದಾಗುವುದಕ್ಕೆ ಅಲ್ಯೂಮಿನಿಯಂ ಸಾಕು. ರಸಸಾರ (pH; ಇದು ಕಡಿಮೆಯಾದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕೆಳಗಿಳಿದರೆ ಜೇಡಿಯೊಳಗಿನ ಅಲ್ಯೂಮಿನಿಯಂ ಕರಗಲು ಶುರುವಾಗುತ್ತದೆ, 5ಕ್ಕಿಂತ ಇಳಿದರೆ ಬೇರಿಗೆ ಭಾರಿ ಪೆಟ್ಟು. ಅದು ಭಾರಲೋಹವೂ ಅಲ್ಲ, ಹಗುರ ಲೋಹ. ಆದರೆ ಬೇರಿನ ಮೇಲೆ ಬೀಳುವ ಗುರುತು ಹೆಚ್ಚುಕಡಿಮೆ ಒಂದೇ. ಮಣ್ಣಿನ ಜಂತುಹುಳುವಿನಿಂದಲೂ (ನೆಮಟೋಡ್) ಬೇರು ಗಂಟಾಗುತ್ತದೆ. ಕೇವಲ ಕಣ್ಣಿನಲ್ಲಿ ನೋಡಿ ಹೇಳುವುದು ಅವಸರವಾದೀತು. ಹಳೆತೋಟದವರೇ, ರಸಸಾರ ಎಷ್ಟು?

ಬೇರುನೋಟ

ಕೆಮ್ಮಣ್ಣು ಅವರು ಹೇಳಿದ್ದು ಸರಿ, ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಅದು. ಜಂತುಹುಳುವಿನ ಗಂಟು ಬೇರಿನ ನಡುವೆ ಮಣಿ ಪೋಣಿಸಿದಂತೆ ಇರುತ್ತದೆ, ತುದಿಯ ಉಬ್ಬು ಬೇರೆ. ಅಲ್ಯೂಮಿನಿಯಂ ಮಾತ್ರ ನಿಜವಾದ ಅನುಮಾನ. ಅದಕ್ಕೂ ಬೇರು ಆಮ್ಲಗಳನ್ನು ಸುರಿಸಿಯೇ ಉತ್ತರ ಕೊಡುತ್ತದೆ. ಅಲ್ಯೂಮಿನಿಯಂ ತಡೆಯುವ ಗೋಧಿಯ ತಳಿಗಳು ಬೇರುತುದಿಯಿಂದ ಮ್ಯಾಲೇಟ್ ಹೊರಬಿಡುತ್ತವೆ, ಅದಕ್ಕೆ ಬಾಗಿಲಾಗುವ ಪ್ರೋಟೀನಿನ ಜೀನು 2004ರಲ್ಲಿ ಸಿಕ್ಕಿತು.

ಹಳೆತೋಟ, ಶಿರಸಿ

ಇಂದು ಪರೀಕ್ಷೆ ಮಾಡಿಸಿದೆ. ಡ್ರಮ್ಮಿದ್ದ ಜಾಗದ ಮಣ್ಣಿನ ರಸಸಾರ 5.9. ಸೊಪ್ಪಿನ ಬೆಟ್ಟದ ಮಣ್ಣಿನದು 5.0. ಉಳಿದ ನಲವತ್ತು ಕೊಟ್ಟೆಗಳಿಗೆ ಬೆಟ್ಟದ ಮಣ್ಣಿಗೆ ಗೊಬ್ಬರ ಸೇರಿಸಿ ತುಂಬಿದ್ದೆ.

ಕೆಮ್ಮಣ್ಣು

5.9ರಲ್ಲಿ ಅಲ್ಯೂಮಿನಿಯಂ ಅಷ್ಟು ಕರಗುವುದಿಲ್ಲ. ಬೆಟ್ಟದ ಮಣ್ಣೇ ಹೆಚ್ಚು ಹುಳಿಯಿದ್ದೂ ಅಲ್ಲಿ ಬೇರು ಚೆನ್ನಾಗಿದೆ ಎಂದಾದರೆ ನನ್ನ ಅನುಮಾನ ದುರ್ಬಲವಾಯಿತು. ಆದರೂ ಗೊಬ್ಬರ ಬೆರೆತದ್ದರಿಂದ ಅದು ಸರಿಯಾದ ಹೋಲಿಕೆಯಲ್ಲ. ಹೀಗೆ ಮಾಡಿ ನೋಡಿ: ಬರೀ ಬೆಟ್ಟದ ಮಣ್ಣು, ಬರೀ ಡ್ರಮ್ಮಿನ ಮಣ್ಣು, ಡ್ರಮ್ಮಿನ ಮಣ್ಣಿಗೆ ಕಳಿತ ಕೊಟ್ಟಿಗೆ ಗೊಬ್ಬರ, ಡ್ರಮ್ಮಿನ ಮಣ್ಣಿಗೆ ಗೊಬ್ಬರದ ಜೊತೆ ಸುಣ್ಣ. ನಾಲ್ಕರಲ್ಲೂ ಹೆಸರುಕಾಳು ಬಿತ್ತಿ ಹನ್ನೆರಡನೆಯ ದಿನ ಬೇರು ತೊಳೆದು ಅಳೆಯಿರಿ. ಒಂದೊಂದರಲ್ಲೂ ಕನಿಷ್ಠ ಹತ್ತು ಕಾಳು ಇರಲಿ. ಡ್ರಮ್ಮಿನ ಮಣ್ಣನ್ನು ಡಿಟಿಪಿಎ ತಾಮ್ರದ ಪರೀಕ್ಷೆಗೂ ಕಳಿಸಿ, ಗಿಡಕ್ಕೆ ಸಿಗುವಂಥ ತಾಮ್ರ ಎಷ್ಟಿದೆ ಎಂದು ಅದು ಹೇಳುತ್ತದೆ.

ಶಾಲೆಯಂಗಳ

ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಇದನ್ನೇ ಇನ್ನೂ ಸುಲಭವಾಗಿ ಕಣ್ಣಿಗೆ ಕಾಣುವಂತೆ ಮಾಡಬಹುದು. ಸಣ್ಣ ಈರುಳ್ಳಿಗಳ ಒಣಬೇರನ್ನು ತೆಗೆದು, ಬುಡವಷ್ಟೇ ನೀರಿಗೆ ತಾಗುವಂತೆ ಗಾಜಿನ ಲೋಟದ ಬಾಯಿಯ ಮೇಲೆ ಕೂರಿಸುತ್ತೇವೆ. ಒಂದರಲ್ಲಿ ಬಾವಿ ನೀರು, ಇನ್ನೊಂದರಲ್ಲಿ ಅದೇ ನೀರಿಗೆ ಒಂದೇ ಒಂದು ಹರಳು ಮೈಲುತುತ್ತ ಕರಗಿಸಿ, ಮತ್ತೆ ಮತ್ತೆ ತೆಳುಮಾಡಿ, ನೀಲಿ ಬಣ್ಣವೇ ಕಾಣದಷ್ಟಾದ ಮೇಲೆ ಇಟ್ಟದ್ದು. ಐದನೆಯ ದಿನ ಮೊದಲ ಲೋಟದಲ್ಲಿ ಬಿಳಿಗಡ್ಡದಂತೆ ಬೇರು ಇಳಿದಿರುತ್ತದೆ. ಎರಡನೆಯದರಲ್ಲಿ ಬುಡದಿಂದ ಮೊಳೆತ ಚುಕ್ಕಿಗಳು ಹಾಗೆಯೇ ನಿಂತು ಕಂದಾಗಿರುತ್ತವೆ. ನೋಡಲು ಎರಡೂ ತಿಳಿನೀರೇ. ಮಕ್ಕಳು ಎರಡೂ ಲೋಟಗಳನ್ನು ಬೆಳಕಿಗೆ ಹಿಡಿದು ವ್ಯತ್ಯಾಸ ಹುಡುಕುತ್ತಾರೆ, ಸಿಗುವುದಿಲ್ಲ.

ಗದ್ದೆಬಯಲು

ನಮ್ಮ ಗದ್ದೆ ಒಂದು ತೋಟದ ಕೆಳಗಿದೆ, ಕಾದಿಗೆಯ ನೀರು ನೇರ ಗದ್ದೆಗೆ ಬರುತ್ತದೆ. ಭತ್ತದ ಸಸಿ ಕಿತ್ತರೆ ಬೇರಿಗೆ ತುಕ್ಕಿನಂತೆ ಕೆಂಪು ಲೇಪ ಕಾಣುತ್ತದೆ. ಇದೂ ತಾಮ್ರವೇ? ಓದಿ ಗಾಬರಿಯಾಗಿದೆ.

ಬೇರುನೋಟ

ಗಾಬರಿ ಬೇಡ, ಅದು ಕಬ್ಬಿಣ. ಭತ್ತ ತನ್ನ ಕಾಂಡದ ಗಾಳಿಕೊಳವೆಗಳ ಮೂಲಕ ಬೇರಿಗೆ ಆಮ್ಲಜನಕ ಇಳಿಸುತ್ತದೆ, ಅದರಲ್ಲಿ ಒಂದಿಷ್ಟು ಹೊರಗೆ ಸೋರುತ್ತದೆ. ನಿಂತ ನೀರಿನಲ್ಲಿ ಕರಗಿದ್ದ ಕಬ್ಬಿಣ ಆ ಆಮ್ಲಜನಕ ತಾಗಿದೊಡನೆ ತುಕ್ಕಾಗಿ ಬೇರಿನ ಮೇಲೆ ಕೂರುತ್ತದೆ. ಈ ತುಕ್ಕಿನ ಅಂಗಿ ಆರ್ಸೆನಿಕ್‌ನಂಥ ವಿಷಗಳನ್ನು ಒಂದಷ್ಟು ಹಿಡಿದುಕೊಳ್ಳುತ್ತದೆ. ಬೇರು ಕೆಂಪಾಗಿದ್ದೂ ತುದಿ ಬಿಳಿಯಾಗಿ ಉದ್ದಕ್ಕೆ ಬೆಳೆಯುತ್ತಿದ್ದರೆ ಚಿಂತಿಸಬೇಕಾದ್ದಿಲ್ಲ.

ಬಿಡದಿ ರಸ್ತೆ

ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೆ ಕ್ಷಮಿಸಿ. ಬೆಂಗಳೂರಿನ ಕೊಳಚೆ ಹೊತ್ತು ಬರುವ ವೃಷಭಾವತಿ ನದಿಯ ನೀರಿನಲ್ಲಿ ಬೆಳೆದ ಸೊಪ್ಪು ನಮ್ಮ ಕಡೆಯಿಂದ ಬೆಂಗಳೂರಿನ ಮಾರುಕಟ್ಟೆಗೆ ಹೋಗುತ್ತದೆ. ಬೇರು ಎಲ್ಲ ಲೋಹವನ್ನೂ ತಡೆಯುತ್ತದೆ ಎಂದಾದರೆ ಸೊಪ್ಪು ತಿನ್ನಲು ಅಡ್ಡಿಯಿಲ್ಲವೇ?

ಬೇರುನೋಟ

ಎಲ್ಲ ಲೋಹವನ್ನೂ ತಡೆಯುವುದಿಲ್ಲ. ಸೀಸವೂ ಕ್ರೋಮಿಯಂ ಕೂಡ ತಾಮ್ರದಂತೆ ಬಹುಪಾಲು ಬೇರಿನಲ್ಲಿಯೇ ನಿಲ್ಲುತ್ತವೆ. ಕ್ಯಾಡ್ಮಿಯಂ ಹಾಗಲ್ಲ. ಅದು ಕಬ್ಬಿಣ, ಸತು, ಮ್ಯಾಂಗನೀಸ್‌ಗಳಿಗಾಗಿ ಬೇರು ತೆರೆದಿಟ್ಟ ಬಾಗಿಲುಗಳಲ್ಲಿಯೇ ಒಳಗೆ ಬರುತ್ತದೆ, ಸತುವನ್ನು ಮೇಲಕ್ಕೆ ಎತ್ತುವ ಪಂಪುಗಳೇ ಅದನ್ನೂ ಎಲೆಗೆ ಏರಿಸುತ್ತವೆ. ಗಿಡ ನೋಡಲು ಹಸಿರಾಗಿಯೇ ಇರಬಹುದು. ಪಾಲಕ್, ಹರಿವೆಯಂಥ ಸೊಪ್ಪುಗಳಲ್ಲಿ ಕಾಯಿಪಲ್ಲೆಗಳಿಗಿಂತ ಹೆಚ್ಚು ಕ್ಯಾಡ್ಮಿಯಂ ಸೇರುವುದು ಇದರಿಂದ. ಅದಕ್ಕಾಗಿಯೇ ಅಂತರರಾಷ್ಟ್ರೀಯ ಆಹಾರ ಸಂಹಿತೆ ಸೊಪ್ಪುಗಳಿಗೆ ಕೆ.ಜಿ.ಗೆ 0.2 ಮಿ.ಗ್ರಾಂ ಮಿತಿ ಇಟ್ಟಿದೆ.

ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಕಾಮಿಯೋಕಾ ಗಣಿಯ ಕ್ಯಾಡ್ಮಿಯಂ ಭತ್ತದ ಮೂಲಕ ಮನುಷ್ಯರ ಮೈ ಸೇರಿ, ಮೂತ್ರಪಿಂಡ ಕೆಡಿಸಿ, ಮೂಳೆ ಮೆತ್ತಗಾಗಿಸಿ 'ಇತಾಯ್ ಇತಾಯ್' ರೋಗವಾಯಿತು. ನೋವು, ನೋವು ಎಂದು ನರಳುವುದೇ ಆ ಹೆಸರಿನ ಅರ್ಥ. 1968ರಲ್ಲಿ ಅಲ್ಲಿನ ಸರ್ಕಾರ ಕಾರಣವನ್ನು ಒಪ್ಪಿಕೊಂಡಿತು. ಅದೇ ದೇಶದವರು 2012ರಲ್ಲಿ ಕೊಶಿಹಿಕಾರಿ ಎಂಬ ಭತ್ತದ ತಳಿಯ ಬೇರಿನಲ್ಲಿ ಮ್ಯಾಂಗನೀಸ್ ಬಾಗಿಲಿನ ಒಂದು ಜೀನನ್ನು ಕೆಡಿಸಿ, ಅಕ್ಕಿಗೆ ಕ್ಯಾಡ್ಮಿಯಂ ಸೇರುವುದೇ ಇಲ್ಲವೆನ್ನುವಷ್ಟು ಕಡಿಮೆಯಾದದ್ದನ್ನು ತೋರಿಸಿದರು. ಹೊಲದ ಮಣ್ಣು ಬದಲಾಗಲಿಲ್ಲ, ಬೇರಿನ ಒಂದು ಬಾಗಿಲು ಮುಚ್ಚಿತು.

ಗೇರುಗುಡ್ಡ

ಮೊದಲು ಹೇಳಿದಿರಲ್ಲ, ಗಂಧಕವುಳ್ಳ ಸಣ್ಣ ಪ್ರೋಟೀನುಗಳು ಎಂದು, ಅವುಗಳ ಬಗ್ಗೆ ಇನ್ನೊಂದು ಮಾತು ಹೇಳಿ.

ಬೇರುನೋಟ

ಅವುಗಳಲ್ಲಿ ಫೈಟೋಕೆಲಾಟಿನ್ ಎಂಬ ಒಂದು ಗುಂಪಿದೆ. ಲೋಹ ಒಳಗೆ ಬಂದಾಗ ಗಿಡ ತನ್ನಲ್ಲಿರುವ ಗ್ಲುಟಾಥಿಯೋನ್ ಎಂಬ ಗಂಧಕವುಳ್ಳ ಸಣ್ಣ ಅಣುವನ್ನು ಸರಪಳಿಯಂತೆ ಜೋಡಿಸಿ ಇದನ್ನು ಕಟ್ಟುತ್ತದೆ. ಜೋಡಿಸುವ ಕಿಣ್ವ ಮೊದಲೇ ಸಿದ್ಧವಿರುತ್ತದೆ, ಲೋಹ ತಾಗಿದೊಡನೆ ಕೆಲಸಕ್ಕೆ ಇಳಿಯುತ್ತದೆ. 1985ರಲ್ಲಿ ಜರ್ಮನಿಯ ಗ್ರಿಲ್, ವಿನ್ನಾಕರ್, ಝೆಂಕ್ ಇದನ್ನು ಮೇಲುಸಸ್ಯಗಳಲ್ಲಿ ಗುರುತಿಸಿದ್ದು ನಮ್ಮ ಸರ್ಪಗಂಧದ ಕೋಶಗಳನ್ನು ಸೀಸೆಯಲ್ಲಿ ಬೆಳೆಸಿ. ಪಶ್ಚಿಮ ಘಟ್ಟದವರಿಗೆ ಸರ್ಪಗಂಧದ ಬೇರು ಅಪರಿಚಿತವಲ್ಲ, ಹಾಗಾಗಿ ಈ ಮಾತನ್ನು ಪಾಠ ಮಾಡುವಾಗ ನನಗೆ ಪ್ರತಿ ವರ್ಷವೂ ಸಂತೋಷವಾಗುತ್ತದೆ.

ಸುಣ್ಣದಗೂಡು

ಸಾಸಿವೆ, ಸೂರ್ಯಕಾಂತಿ ಬೆಳೆದು ಲೋಹವನ್ನೆಲ್ಲ ಹೀರಿಸಿ ತೆಗೆಯಬಹುದೆಂದು ಓದಿದ್ದೇನೆ. ತೋಟಕ್ಕೂ ಅದನ್ನೇ ಮಾಡಬಹುದಲ್ಲ?

ತಕ್ಕಡಿ

ತಾಮ್ರಕ್ಕೆ ಆಗದ ಮಾತು. ಎಕರೆಗೆ 2 ಟನ್ ಒಣತೂಕದ ಬೆಳೆ ಬಂದು, ಅದರಲ್ಲಿ ಕೆ.ಜಿ.ಗೆ 20 ಮಿ.ಗ್ರಾಂ ತಾಮ್ರ ಇದೆ ಎಂದಿಟ್ಟುಕೊಳ್ಳಿ. ಕೊಯ್ದು ಹೊರಹಾಕಿದರೆ ಹೋಗುವುದು 40 ಗ್ರಾಂ. ನಾವು ವರ್ಷಕ್ಕೆ ಸಿಂಪಡಿಸುವುದು 2,750 ಗ್ರಾಂ. ಬೇರು ತಾಮ್ರವನ್ನು ಮೇಲೆ ಬಿಡುವುದಿಲ್ಲವೆಂದು ಮೇಲೆಯೇ ಹೇಳಿದ್ದಾರೆ. ಬೇರು ಸಮೇತ ಕಿತ್ತರೂ ಲೆಕ್ಕ ಹೆಚ್ಚು ಬದಲಾಗದು.

ಲಾವಂಚ

ನ್ಯೂ ಕ್ಯಾಲಡೋನಿಯಾದಲ್ಲಿ ಒಂದು ಮರದ ಹಾಲು ನಿಕ್ಕಲ್‌ನಿಂದ ನೀಲಿಹಸಿರಾಗಿರುತ್ತದೆ, ಒಣಗಿಸಿದರೆ ಸುಮಾರು ಕಾಲು ಭಾಗ ನಿಕ್ಕಲ್ಲೇ. ಅಂಥ ಗಿಡಗಳು ಇಲ್ಲವೆಂದಲ್ಲ, ಆದರೆ ಒಂದೊಂದು ಲೋಹಕ್ಕೆ ಒಂದೊಂದು. ನಮ್ಮ ಡ್ರಮ್ಮಿನ ಜಾಗಕ್ಕೆ ನಾನು ಲಾವಂಚವನ್ನೇ ಹೇಳುತ್ತೇನೆ. ಲೋಹ ತೆಗೆಯಲಿಕ್ಕಲ್ಲ, ಅದರ ಬೇರು ಆಳಕ್ಕೆ ಇಳಿದು ಮಣ್ಣನ್ನು ಹಿಡಿದಿಟ್ಟರೆ ಮಳೆಗೆ ಆ ಕೆಸರು ಬಾವಿಯ ಕಡೆ ಕೊಚ್ಚಿ ಬರುವುದಿಲ್ಲ.

ಹಳೆತೋಟ, ಶಿರಸಿ

ಬಾವಿಯ ಮಾತು ಬಂದದ್ದರಿಂದ ಕೇಳುತ್ತೇನೆ. ಹತ್ತು ಮಾರು ದೂರದಲ್ಲಿದೆ, ಕುಡಿಯುವ ನೀರು ಅದೇ. ಅಮ್ಮ ಎರಡು ದಿನದಿಂದ ಅದನ್ನೇ ಕೇಳುತ್ತಿದ್ದಾರೆ.

ಕೆಮ್ಮಣ್ಣು

ತಾಮ್ರ ಮಣ್ಣಿನಲ್ಲಿ ಸುಲಭವಾಗಿ ಕೆಳಗಿಳಿಯುವ ಲೋಹವಲ್ಲ. ಆದರೂ ಒಮ್ಮೆ ಪರೀಕ್ಷಿಸಿ. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿಗೆ ಲೀಟರಿಗೆ 0.05 ಮಿ.ಗ್ರಾಂ ಅಪೇಕ್ಷಿತ ಮಟ್ಟ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಒಪ್ಪುತ್ತಾರೆ. ಅಮ್ಮನವರಿಗೆ ವರದಿಯನ್ನೇ ತೋರಿಸಿ, ಸಮಾಧಾನವಾಗುತ್ತದೆ.

ಕೊನೆಗೌಡರ ಮನೆ

ಬೋರ್ಡೋ ಬರುವ ಮೊದಲು ಕರಡದ ಹುಲ್ಲಿನಿಂದ ಕೊಟ್ಟೆ ಹೆಣೆದು ಕೊನೆಗೆ ಕಟ್ಟುತ್ತಿದ್ದರಂತೆ. ಈಗಲೂ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವವರಿದ್ದಾರೆ.

ಮಳೆಗಾಲ

ಇದ್ದಾರೆ, ಆದರೆ ಐನೂರು ಮರಕ್ಕೆ ಕಟ್ಟುವ ಆಳು ಎಲ್ಲಿದ್ದಾರೆ? ಕೊಳೆ ಬಂದ ವರ್ಷ ಮುಕ್ಕಾಲು ಫಸಲು ಉದುರಿದ್ದನ್ನು ನಾನು ನೋಡಿದ್ದೇನೆ. ಔಷಧ ಬಿಡಿ ಎಂದು ಯಾರಾದರೂ ಹೇಳುವುದಾದರೆ ನಾನು ಒಪ್ಪುವುದಿಲ್ಲ.

ಬೇರುನೋಟ

ಬಿಡಿ ಎಂದು ನಾನೂ ಹೇಳುವುದಿಲ್ಲ. ಹೊತ್ತಿಗೆ ಸರಿಯಾಗಿ, ಕೊನೆಗೆ ತಾಗುವಂತೆ ಹೊಡೆದು ನೆಲಕ್ಕೆ ಬೀಳುವುದನ್ನು ಕಡಿಮೆ ಮಾಡೋಣ, ಮೆಣಸಿನ ಬುಡಕ್ಕೆ ಕೇಳಿದ್ದಕ್ಕೆಲ್ಲ ತಾಮ್ರ ಹೊಯ್ಯುವುದನ್ನು ನಿಲ್ಲಿಸೋಣ. ಬೇರಿನ ಜೊತೆ ಬಾಳುವ ಮೈಕೊರೈಜಾ ಶಿಲೀಂಧ್ರ ತನ್ನ ಎಳೆಗಳಲ್ಲಿ ಲೋಹವನ್ನು ತಡೆದು ಬೇರಿಗೆ ಆಸರೆಯಾಗುತ್ತದೆ. ತಾಮ್ರ ಅತಿಯಾದರೆ ಆ ಶಿಲೀಂಧ್ರವೂ ಎರೆಹುಳುವೂ ಕುಗ್ಗುತ್ತವೆ.

ಹಳೆತೋಟ, ಶಿರಸಿ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಹೇಳಿದಂತೆ ನಾಲ್ಕು ಬಗೆಯ ಮಣ್ಣಿನಲ್ಲಿ ಹತ್ತತ್ತು ಹೆಸರುಕಾಳು ಬಿತ್ತಿ ಹನ್ನೆರಡನೆಯ ದಿನ ಅಳೆದೆ. ಬರೀ ಬೆಟ್ಟದ ಮಣ್ಣಿನಲ್ಲಿ ಬೇರಿನ ಸರಾಸರಿ ಉದ್ದ 9 ಸೆಂಟಿಮೀಟರ್. ಬರೀ ಡ್ರಮ್ಮಿನ ಮಣ್ಣಿನಲ್ಲಿ 2. ಎಲ್ಲದರ ತುದಿಯೂ ಕಂದು. ಗೊಬ್ಬರ ಬೆರೆಸಿದ್ದರಲ್ಲಿ 4. ಗೊಬ್ಬರ, ಸುಣ್ಣ ಎರಡೂ ಬೆರೆಸಿದ್ದರಲ್ಲಿ 6, ಅದರ ತುದಿ ಬಿಳಿಯಾಗಿತ್ತು. ಡಿಟಿಪಿಎ ವರದಿಯಲ್ಲಿ ಆ ಮಣ್ಣಿನ ತಾಮ್ರದ ಎದುರು 'ಅತಿ ಹೆಚ್ಚು' ಎಂದು ಬರೆದಿದ್ದಾರೆ. ಬಾವಿಯ ನೀರಿನಲ್ಲಿ ತಾಮ್ರ ಅಪೇಕ್ಷಿತ ಮಟ್ಟದೊಳಗೇ ಇದೆ.

ಉಳಿದಿದ್ದ ಹದಿನೆಂಟು ಮೆಣಸಿನ ಬಳ್ಳಿಗಳ ಬೇರು ತೊಳೆದು ಬೆಟ್ಟದ ಮಣ್ಣಿಗೆ ಬದಲಿಸಿದ್ದೆ. ಹನ್ನೊಂದು ಬದುಕಿವೆ. ಕಂದಿದ ಹಳೆಯ ತುದಿಗಳು ಮುಂದೆ ಬೆಳೆದಿಲ್ಲ. ಅವುಗಳ ಮೇಲಿನ ಗಿಣ್ಣಿನಿಂದ ಹೊಸ ಬೇರು ಹೊರಟಿವೆ. ಅಪ್ಪ ಬಚ್ಚಲ ಕಟ್ಟೆಯ ಮೇಲೆ ಎರಡು ಬೇರನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ, ಈ ಮಳೆಗಾಲ ಗಸಿಯನ್ನು ಎಲ್ಲಿ ಚೆಲ್ಲುತ್ತೀಯ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಕೆಮ್ಮಣ್ಣು

ಒಪ್ಪಿದೆ, ಇದು ತಾಮ್ರವೇ. ಸುಣ್ಣ ಹಾಕಿಯೂ 9ಕ್ಕೆ ಮುಟ್ಟದೆ 6ಕ್ಕೆ ನಿಂತದ್ದನ್ನು ಗಮನಿಸಿ; ಆ ಮಣ್ಣನ್ನು ತೋಟಕ್ಕೆ ಹರಡಬೇಡಿ, ಇದ್ದಲ್ಲಿಯೇ ಇರಲಿ.

ಕೊನೆಗೌಡರ ಮನೆ

ನಿಮ್ಮ ತಂದೆಯವರ ಪ್ರಶ್ನೆಗೆ ನಮ್ಮ ಮನೆಯ ಕ್ರಮ ಹೇಳುತ್ತೇನೆ. ಡ್ರಮ್ಮಿನ ಪಕ್ಕದಲ್ಲಿ ಸಿಮೆಂಟಿನ ಸಣ್ಣ ತೊಟ್ಟಿ ಕಟ್ಟಿಸಿದ್ದೇವೆ. ಪೈಪು, ಡ್ರಮ್ಮು ತೊಳೆದ ನೀರೆಲ್ಲ ಅದಕ್ಕೇ ಬೀಳುತ್ತದೆ. ಮರುದಿನ ಔಷಧ ಕಲಸುವಾಗ ಹೊಸ ನೀರಿನ ಬದಲು ಮೊದಲು ಆ ನೀರನ್ನು ಬಳಸುತ್ತೇವೆ, ಗಸಿಯನ್ನು ಸೋಸಿ ತಳದಲ್ಲಿಯೇ ಒಣಗಲು ಬಿಡುತ್ತೇವೆ. ಮೂರು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಅಡಿ ಆಳ ಇದ್ದರೆ ನಿಮ್ಮ ಎರಡೂಕಾಲು ಎಕರೆಗೆ ಸಾಕು. ಮೇಲೆ ತಗಡು ಮುಚ್ಚಬೇಕು, ಇಲ್ಲದಿದ್ದರೆ ಮಳೆಗೆ ತುಂಬಿ ಹೊರಚೆಲ್ಲುತ್ತದೆ.

ಹಳೆತೋಟ, ಶಿರಸಿ

ಅಳತೆ ಬರೆದುಕೊಂಡೆ, ಅಣ್ಣ. ಮೇಸ್ತ್ರಿ ಸೋಮವಾರ ಬರುತ್ತಾರೆ.